ಥೈಲರ್ ವೈರಸ್, ಇಲಿಯ ನರ, ರೋಗನಿರೋಧಕ ಜೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೈರಸ್‌ನಿಂದ ನರ ಹಾಳಾಗುವುದನ್ನು ಕೆಲವು ಇಲಿ ತಳಿಗಳು ಹೇಗೆ ತಡೆದುಕೊಳ್ಳುತ್ತವೆ ಎಂಬುದರ ಬಗ್ಗೆ ವಿದ್ಯಾರ್ಥಿಗಳು, ಲ್ಯಾಬ್‌ನವರು ಮತ್ತು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮನುಷ್ಯರಲ್ಲಿ ನರದ ಹೊದಿಕೆ ಕಳಚುವ ರೋಗ) ರೋಗಿಗಳ ಮನೆಯವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಸುಲಭದವು ಮೊದಲು, ಕಷ್ಟದವು ಕೊನೆಗೆ. ಇಲ್ಲಿ ಇಲಿ ಎಂದರೆ ಎಲ್ಲ ಕಡೆಯೂ ಸುಂಡಿಲಿ. ಹೆಗ್ಗಣ ಅಥವಾ ಲ್ಯಾಬ್‌ನ ರ‍್ಯಾಟ್ ಅಲ್ಲ.

## ಮೊದಲು ತಿಳಿಯಬೇಕಾದ್ದು

ಥೈಲರ್ ವೈರಸ್ ಅಂದ್ರೆ ಏನು? ಇಲಿಗಳಿಗೆ ಅದು ಎಲ್ಲಿಂದ ಬರುತ್ತೆ?

ಪೋಲಿಯೋ ವೈರಸ್ ಸೇರಿರುವ ಪಿಕೋರ್ನಾ ಕುಟುಂಬದ, ಕಾರ್ಡಿಯೋವೈರಸ್ ಗುಂಪಿನ ಆರ್‌ಎನ್‌ಎ ವೈರಸ್ ಇದು. ಜೀನೋಮ್ ಸುಮಾರು 8,100 ಅಕ್ಷರಗಳಷ್ಟು ಉದ್ದ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದ ಮ್ಯಾಕ್ಸ್ ಥೈಲರ್, ತಮ್ಮಷ್ಟಕ್ಕೆ ಕಾಲಿನ ಸ್ವಾಧೀನ ಕಳೆದುಕೊಂಡ ಲ್ಯಾಬ್ ಇಲಿಗಳಲ್ಲಿ ಇದನ್ನು ಕಂಡು 1934ರಲ್ಲಿ ವರದಿ ಮಾಡಿದರು. ಹಳದಿ ಜ್ವರದ ಲಸಿಕೆಗಾಗಿ 1951ರ ನೊಬೆಲ್ ಪಡೆದವರೂ ಇವರೇ.

ಸಹಜವಾಗಿ ಇದು ಇಲಿಯ ಕರುಳಿನ ವೈರಸ್. ಹಿಕ್ಕೆಯಿಂದ ಬಾಯಿಗೆ ಹರಡುತ್ತದೆ, ಬಹುತೇಕ ಇಲಿಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಮಿದುಳಿಗೆ ಹೋಗುವುದು ಅಪರೂಪ. ಪ್ರಯೋಗದಲ್ಲಿ ನೇರವಾಗಿ ಮಿದುಳಿಗೇ ಚುಚ್ಚುವುದು ಅದಕ್ಕಾಗಿ.

ಈ ವೈರಸ್ ಒಂದೇನಾ? ಒಬ್ಬರು ಇಲಿ ವಾರದಲ್ಲಿ ಸಾಯುತ್ತೆ ಅಂತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ ಬದುಕುತ್ತೆ ಅಂತಾರೆ.

ಇಬ್ಬರದೂ ಸರಿ, ಅವರು ಹೇಳುತ್ತಿರುವ ವೈರಸ್ ಬಗೆಗಳು ಬೇರೆ. ಜಿಡಿ7 ಎಂಬ ಉಗ್ರ ಬಗೆ ನರಕೋಶಗಳನ್ನೇ ಕೊಂದು ಒಂದೆರಡು ವಾರದಲ್ಲಿ ಇಲಿಯನ್ನು ಮುಗಿಸುತ್ತದೆ. ಅದರೆದುರು ತಳಿಯ ಜೀನ್ ಹೆಚ್ಚೇನೂ ಮಾಡಲಾರದು. ಈ ಪುಟದ ವಿಷಯ ಸೌಮ್ಯ ಬಗೆಗಳಾದ ಡಿಎ ಮತ್ತು ಬೀಆನ್. ಇವು ಎರಡು ಹಂತದಲ್ಲಿ ಕೆಲಸ ಮಾಡುತ್ತವೆ ಎಂದು 1975ರಲ್ಲಿ ಹೊವರ್ಡ್ ಲಿಪ್ಟನ್ ತೋರಿಸಿದರು. ಮೊದಲ ಎರಡು ವಾರ ಮಿದುಳಿನಲ್ಲಿ ಉರಿಯೂತ ಇರುತ್ತದೆ. ಆಮೇಲೆ ಕೆಲವು ತಳಿಗಳಲ್ಲಿ ವೈರಸ್ ಬೆನ್ನುಹುರಿಯ ಬಿಳಿಭಾಗದಲ್ಲಿ ಜೀವನಪೂರ್ತಿ ಬೀಡುಬಿಟ್ಟು, ನರತಂತುವಿನ ಮಯಲಿನ್ ಹೊದಿಕೆ ಕಳಚುತ್ತಾ ಹೋಗುತ್ತದೆ.

ಒಂದೇ ವೈರಸ್, ಒಂದೇ ಡೋಸ್. ಒಂದು ಇಲಿ ಕುಂಟುತ್ತೆ, ಇನ್ನೊಂದಕ್ಕೆ ಏನೂ ಆಗಲ್ಲ. ಯಾಕೆ?

ಮೊದಲ ವಾರ, ಹತ್ತು ದಿನದೊಳಗೆ ವೈರಸ್ ಪೂರ್ತಿ ತೊಲಗಿತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬ್ಲ್ಯಾಕ್ 6 ಎಂದು ಕರೆಯುವ ಸಿ57ಬಿಎಲ್/6 ತಳಿಯಲ್ಲಿ ಸಿಡಿ8 ಟಿ ಕೋಶಗಳು (ಸೋಂಕಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ಬೇಗ ಮತ್ತು ಭಾರೀ ಸಂಖ್ಯೆಯಲ್ಲಿ ಮಿದುಳಿಗೆ ಬಂದು ವೈರಸ್ಸನ್ನು ಗುಡಿಸಿಹಾಕುತ್ತವೆ. ಎಸ್‌ಜೆಎಲ್ ತಳಿಯಲ್ಲಿ ಆ ದಾಳಿ ಸಾಲದೆ, ಉಳಿದ ವೈರಸ್ ಕಸ ನುಂಗುವ ಮ್ಯಾಕ್ರೋಫೇಜ್, ಮೈಕ್ರೋಗ್ಲಿಯಾ ಮತ್ತು ಮಯಲಿನ್ ಮಾಡುವ ಆಲಿಗೊಡೆಂಡ್ರೊಸೈಟ್ ಕೋಶಗಳಲ್ಲಿ ಅಡಗುತ್ತದೆ. ಸುಮಾರು 30–35ನೇ ದಿನದಿಂದ ನಡಿಗೆ ಓಲಾಡತೊಡಗುತ್ತದೆ, ಹಿಂಗಾಲು ಬಿಗಿಯುತ್ತದೆ, ಮೂತ್ರ ಹಿಡಿತ ತಪ್ಪುತ್ತದೆ. ಆ ಹೊತ್ತಿನ ಲಕ್ಷಣ ನೋಡಿ ಕಾರಣವನ್ನೂ ಆ ಹೊತ್ತಿನಲ್ಲೇ ಹುಡುಕುವವರು ಬಹಳ. ತೀರ್ಮಾನ ಆಗಿಹೋಗಿರುವುದು ಮೂರು ವಾರ ಮೊದಲೇ.

ಇದು ಮನುಷ್ಯರಿಗೆ ಅಂಟುತ್ತಾ?

ಥೈಲರ್ ವೈರಸ್ ಮನುಷ್ಯರಲ್ಲಿ ರೋಗ ತರುವುದಾಗಿ ತಿಳಿದಿಲ್ಲ. ಅದರ ಹತ್ತಿರದ ಸಂಬಂಧಿಯಾದ ಸ್ಯಾಫೋಲ್ಡ್ ವೈರಸ್ ಮನುಷ್ಯರಲ್ಲಿದೆ. 1981ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮಗುವಿನ ಮಲದಲ್ಲಿ ಸಿಕ್ಕಿದ್ದನ್ನು 2007ರಲ್ಲಿ ಗುರುತಿಸಿದರು. ಲ್ಯಾಬ್‌ನಲ್ಲಿ ಥೈಲರ್ ವೈರಸ್ಸನ್ನು ಜೈವಿಕ ಸುರಕ್ಷತೆಯ 2ನೇ ಹಂತದಲ್ಲಿ ಬಳಸುತ್ತಾರೆ. ನೆನಪಿಡಬೇಕಾದದ್ದೊಂದು: ಇದಕ್ಕೆ ಕೊಬ್ಬಿನ ಹೊರಪದರ ಇಲ್ಲ, ಹಾಗಾಗಿ 70% ಆಲ್ಕೋಹಾಲ್ ಒರೆಸಿದರೆ ಸಾಯುತ್ತದೆ ಎಂದು ನಂಬಬೇಡಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಅದೇ ದಿನ ಮಾಡಿದ್ದನ್ನು ಬಳಸಿ.

## ಜೀನ್‌ಗಳ ವಿಚಾರ

ಎಚ್-2 ಅಂತ ಎಲ್ಲ ಕಡೆ ಬರೆದಿರ್ತಾರೆ. ಅದೇನು, ಅದರ ಪಕ್ಕದ ಬಿ, ಎಸ್, ಕ್ಯೂ ಏನು?

ಮನುಷ್ಯರಲ್ಲಿ ಎಚ್‌ಎಲ್‌ಎ ಇದ್ದಂತೆ ಇಲಿಗಳಲ್ಲಿ ಎಚ್-2. ಕೋಶದೊಳಗೆ ತಯಾರಾಗುವ ಪ್ರೋಟೀನಿನ ತುಣುಕುಗಳನ್ನು ಹೊರಮೈಯಲ್ಲಿ ಎತ್ತಿ ಹಿಡಿದು ಟಿ ಕೋಶಗಳಿಗೆ ತೋರಿಸುವ ಪ್ರೋಟೀನುಗಳ ಜೀನ್‌ಗುಚ್ಛ ಇದು, 17ನೇ ಕ್ರೋಮೋಸೋಮಿನಲ್ಲಿದೆ. 1930ರ ದಶಕದಲ್ಲಿ ಪೀಟರ್ ಗೋರರ್ ಇದನ್ನು ಗುರುತಿಸಿದರು. ಉಳಿದ ಜೀನ್‌ಗಳೆಲ್ಲ ಒಂದೇ ಆಗಿದ್ದು ಎಚ್-2 ಮಾತ್ರ ಬೇರೆಯಾಗಿರುವ ಕಾಂಜೆನಿಕ್ ತಳಿಗಳನ್ನು ಬೆಳೆಸಿದವರು ಜಾರ್ಜ್ ಸ್ನೆಲ್. 1980ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ಬಿ, ಎಸ್, ಕ್ಯೂ ಎಂಬವು ಆ ಇಡೀ ಗುಚ್ಛದ ರೂಪಗಳ ಹೆಸರು. ಬ್ಲ್ಯಾಕ್ 6 ಇಲಿಗೆ ಬಿ, ಎಸ್‌ಜೆಎಲ್‌ಗೆ ಎಸ್, ಎಫ್‌ವಿಬಿ ಎಂಬ ಇನ್ನೊಂದು ತಳಿಗೆ ಕ್ಯೂ. ಥೈಲರ್ ವೈರಸ್ ಎದುರು ಬಿ ರೂಪ ಗಟ್ಟಿ, ಎಸ್ ಮತ್ತು ಕ್ಯೂ ದುರ್ಬಲ. ಆದರೆ ಇದೇ ರೂಪ ಇನ್ನೊಂದು ವೈರಸ್ ಎದುರು ಗಟ್ಟಿಯಾಗಿರಬೇಕೆಂದೇನೂ ಇಲ್ಲ.

ಎಚ್-2ಡಿ ಜೀನೇ ಕಾರಣ ಅಂತ ಹೇಗೆ ಖಚಿತ? ಪಕ್ಕದ ಜೀನ್ ಇರಬಹುದಲ್ಲ?

ಒಳ್ಳೆಯ ಸಂಶಯ. ಎಚ್-2ಡಿ ಎಂದರೆ ಎಚ್-2 ಗುಚ್ಛದ ಒಂದು ತುದಿಯಲ್ಲಿರುವ ಜೀನ್. ಅದರ ಬಿ ರೂಪವೇ ಎಚ್-2ಡಿಬಿ. 1980ರ ದಶಕದ ಸಂಶೋಧಕರಿಗೂ ಇದೇ ಸಂಶಯವಿತ್ತು. 1985–86ರ ಹೊತ್ತಿಗೆ, ಎಚ್-2 ಗುಚ್ಛದ ಮಧ್ಯೆ ತುಂಡಾಗಿ ಅರ್ಧ ಒಂದು ರೂಪ, ಅರ್ಧ ಇನ್ನೊಂದು ರೂಪ ಹೊತ್ತ ಇಲಿಗಳನ್ನು ಬಳಸಿ, ನಿರೋಧ ಡಿ ತುದಿಯ ಜೊತೆಗೇ ಹೋಗುತ್ತದೆ ಎಂದು ಲಿಪ್ಟನ್ ಅವರ ತಂಡವೂ ಮೋಸೆಸ್ ರಾಡ್ರಿಗೆಜ್ ಮತ್ತು ಚೆಲ್ಲಾ ಡೇವಿಡ್ ಅವರ ತಂಡವೂ ಬೇರೆ ಬೇರೆಯಾಗಿ ತೋರಿಸಿದವು. ಆದರೆ ಅದು ಜಾಗವನ್ನು ಹೇಳಿತೇ ಹೊರತು ಜೀನನ್ನಲ್ಲ.

ನಿಜವಾದ ಪರೀಕ್ಷೆ ಎರಡು ಕಡೆಯಿಂದ ಆಯಿತು. 1993ರಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಇಲ್ಲದ ಇಲಿಗಳಿಗೆ ವೈರಸ್ ಕೊಟ್ಟರು. ಈ ಚಿಕ್ಕ ಪ್ರೋಟೀನ್ ಇಲ್ಲದಿದ್ದರೆ ಎಚ್-2ಡಿ ಕೋಶದ ಮೇಲ್ಮೈಗೆ ಸರಿಯಾಗಿ ಬರುವುದಿಲ್ಲ, ಸಿಡಿ8 ಕೋಶಗಳೂ ಬೆಳೆಯುವುದಿಲ್ಲ. ನಿರೋಧಕ ಹಿನ್ನೆಲೆಯ ಆ ಇಲಿಗಳಲ್ಲೂ ವೈರಸ್ ನೆಲೆಸಿ ಮಯಲಿನ್ ಕಳಚಿತು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಮಿಷೆಲ್ ಬ್ರಾಹಿಕ್, ಜಾನ್-ಫ್ರಾನ್ಸ್ವಾ ಬ್ಯೂರೋ ತಂಡ ಉಲ್ಟಾ ಕೆಲಸ ಮಾಡಿತು: ದುರ್ಬಲ ಎಫ್‌ವಿಬಿ ಇಲಿಗೆ ಎಚ್-2ಡಿಬಿ ಎಂಬ ಒಂದೇ ಜೀನನ್ನು ಸೇರಿಸಿತು. ಇಲಿ ನಿರೋಧಕವಾಯಿತು. ತನ್ನ ಕ್ಯೂ ರೂಪ ಹಾಗೇ ಇದ್ದರೂ ಹೊಸ ಜೀನ್ ಕೆಲಸ ಮಾಡಿದ್ದರಿಂದ, ಈ ನಿರೋಧ ಪ್ರಬಲ ಗುಣ ಎಂಬುದೂ ತಿಳಿಯಿತು. ತೆಗೆದಾಗ ಹೋಗಬೇಕು, ಸೇರಿಸಿದಾಗ ಬರಬೇಕು. ಈ ಎರಡೂ ಇಲ್ಲದೆ ‘ಇದೇ ಜೀನ್’ ಎಂದು ಬರೆಯುವ ಪ್ರಬಂಧವನ್ನು ಎಚ್ಚರದಿಂದ ಓದಿ.

ಸಿಡಿ8 ಕೋಶಗಳು ವೈರಸ್‌ನ ಯಾವ ಭಾಗ ನೋಡಿ ಗುರುತು ಹಿಡಿಯುತ್ತವೆ?

ಬ್ಲ್ಯಾಕ್ 6 ಇಲಿಯಲ್ಲಿ ಬಹುಪಾಲು ಕೋಶಗಳ ಗುರಿ ಒಂದೇ: ವೈರಸ್ ಕವಚದ ವಿಪಿ2 ಪ್ರೋಟೀನಿನ 121ರಿಂದ 130ರವರೆಗಿನ ಹತ್ತು ಅಮೈನೋ ಆಮ್ಲಗಳ ತುಣುಕು. ಎಚ್-2ಡಿಬಿಯ ತೋಡಿನಲ್ಲಿ ಅದು ಅಚ್ಚುಕಟ್ಟಾಗಿ ಕೂರುತ್ತದೆ. 7ನೇ ದಿನ ಮಿದುಳಿಗೆ ಬಂದ ಸಿಡಿ8 ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ತುಣುಕನ್ನು ಹುಡುಕುವಂಥವು ಇರಬಹುದು. ಇಷ್ಟೊಂದು ಏಕಮುಖ ಪ್ರತಿಕ್ರಿಯೆ ಅಪರೂಪ. ಟೆಟ್ರಾಮರ್ ಎಂಬ, ಇವುಗಳಿಗಷ್ಟೇ ಅಂಟುವ ಗುರುತು ಬಳಸಿ ಈ ಕೋಶಗಳನ್ನು ಎಣಿಸುವುದು ಸುಲಭವಾಗಿರುವುದೂ ಇದರಿಂದಲೇ.

ಸೋಂಕಿನ ಮೊದಲೇ ಈ ತುಣುಕನ್ನು (ಪೆಪ್ಟೈಡ್) ರಕ್ತಕ್ಕೆ ಕೊಟ್ಟು ಆ ಕೋಶಗಳನ್ನು ಇಲ್ಲವಾಗಿಸುವ ತಂತ್ರವೂ ಇದೆ. ಒಂದು ಬಗೆಯ ಟಿ ಕೋಶವನ್ನಷ್ಟೇ ತೆಗೆದು ಉಳಿದದ್ದನ್ನು ಬಿಡುವ ಅನುಕೂಲ ಇದರಲ್ಲಿದೆ.

ಹಾಗಾದ್ರೆ ಎಚ್-2 ಒಂದು ನೋಡಿದ್ರೆ ಸಾಕಲ್ಲ?

ಸಾಲದು. ಬಿ10.ಎಸ್ ಎಂಬ ತಳಿ ಮತ್ತು ಎಸ್‌ಜೆಎಲ್ ಎರಡಕ್ಕೂ ಎಚ್-2 ಎಸ್ ರೂಪವೇ ಇದೆ. ಆದರೂ ಬಿ10.ಎಸ್ ಇಲಿ ವೈರಸ್ಸನ್ನು ಎಷ್ಟೋ ಚೆನ್ನಾಗಿ ಹಿಡಿತದಲ್ಲಿಡುತ್ತದೆ. ಆ ವ್ಯತ್ಯಾಸವನ್ನು ಹಿಂಬಾಲಿಸಿದ ಬ್ಯೂರೋ ತಂಡ 1993ರಲ್ಲಿ 10ನೇ ಕ್ರೋಮೋಸೋಮಿಗೆ, ಗಾಮಾ ಇಂಟರ್‌ಫೆರಾನ್ (ಸೋಂಕಿನ ಎದುರು ಕೋಶಗಳು ಬಿಡುವ ಎಚ್ಚರಿಕೆಯ ಪ್ರೋಟೀನ್) ಜೀನಿನ ನೆರೆಗೆ ಹೋಗಿ ತಲುಪಿತು. ಅಲ್ಲಿ ಸಿಕ್ಕ ತಾಣಗಳಲ್ಲಿ ಒಂದು ಪ್ರೋಟೀನನ್ನೇ ಮಾಡುವುದಿಲ್ಲ. ಅದೊಂದು ಉದ್ದನೆಯ ಆರ್‌ಎನ್‌ಎ, ಹೆಸರು ನೆಸ್ಟ್. ಫ್ರೆಂಚ್‌ನಲ್ಲಿ ‘ಸಾಲ್ಮೊನೆಲ್ಲಾ ಗುಡಿಸುತ್ತದೆ, ಥೈಲರ್ ಅಲ್ಲ’ ಎಂಬ ಮಾತಿನ ಮೊದಲಕ್ಷರಗಳಿಂದ ಬಂದ ಹೆಸರು.

ಹೆಸರಿನಲ್ಲೇ ಇಡೀ ವಿಷಯ ಇದೆ. 2013ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ, ಬಿ10.ಎಸ್ ಇಲಿಗೆ ಎಸ್‌ಜೆಎಲ್‌ನ ಈ ತುಣುಕನ್ನು ತಂದರೆ ಥೈಲರ್ ವೈರಸ್ ನೆಲೆಸುತ್ತದೆ, ಆದರೆ ಅದೇ ಇಲಿ ಸಾಲ್ಮೊನೆಲ್ಲಾ ಸೋಂಕಿನಿಂದ ಪಾರಾಗುತ್ತದೆ. ನೆಸ್ಟ್ ಆರ್‌ಎನ್‌ಎ ಡಬ್ಲ್ಯುಡಿಆರ್5 ಎಂಬ ಪ್ರೋಟೀನಿಗೆ ಅಂಟಿಕೊಂಡು, ಗಾಮಾ ಇಂಟರ್‌ಫೆರಾನ್ ಜೀನಿನ ಜಾಗದಲ್ಲಿ ಹಿಸ್ಟೋನಿನ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಗುರುತು ಬದಲಿಸಿ, ಸಿಡಿ8 ಕೋಶಗಳಲ್ಲಿ ಆ ಜೀನನ್ನು ಹೆಚ್ಚು ಓಡಿಸುತ್ತದೆ. ‘ನಿರೋಧಕ ಜೀನ್’ ಎಂದಾಗ ಯಾವ ರೋಗಕ್ಕೆ ಎಂದು ಯಾಕೆ ಕೇಳಲೇಬೇಕು ಎನ್ನುವುದಕ್ಕೆ ನಮಗೆ ಗೊತ್ತಿರುವ ಉದಾಹರಣೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಇವಲ್ಲದೆ ರೋಗದ ತೀವ್ರತೆಗೆ ಸಂಬಂಧಿಸಿದ ತಾಣಗಳು 6ನೇ ಕ್ರೋಮೋಸೋಮಿನಲ್ಲಿ ಟಿ ಕೋಶ ಗ್ರಾಹಕದ ಬೀಟಾ ಜೀನ್ ಹತ್ತಿರ ಒಂದು, 3ನೇ ಕ್ರೋಮೋಸೋಮಿನಲ್ಲಿ ಇನ್ನೊಂದು ಸಿಕ್ಕಿವೆ.

ಇಂಟರ್‌ಫೆರಾನ್‌ಗಳಲ್ಲಿ ಯಾವುದು ಮುಖ್ಯ?

ಆಲ್ಫಾ/ಬೀಟಾ ಮತ್ತು ಗಾಮಾ ಎರಡೂ ಮುಖ್ಯ, ಕೆಲಸದ ಹೊತ್ತು ಬೇರೆ. 129 ತಳಿಯ ಇಲಿಗಳ ಮೇಲಿನ 1995ರ ಪ್ರಯೋಗದಲ್ಲಿ, ಆಲ್ಫಾ/ಬೀಟಾ ಇಂಟರ್‌ಫೆರಾನಿನ ಗ್ರಾಹಕ ಇಲ್ಲದ ಇಲಿಗಳು ಹತ್ತು ದಿನದೊಳಗೆ ಮಿದುಳಿನ ಉರಿಯೂತದಿಂದ ಸತ್ತವು. ಗಾಮಾ ಗ್ರಾಹಕ ಇಲ್ಲದವು ಬದುಕಿದವು, ಆದರೆ ವೈರಸ್ ನೆಲೆಸಿ ಮಯಲಿನ್ ವ್ಯಾಪಕವಾಗಿ ಕಳಚಿತು.

## ಲ್ಯಾಬ್‌ನಲ್ಲಿ ಮಾಡುವವರಿಗೆ

ಡೋಸ್ ಎಷ್ಟು, ಇಲಿಯ ವಯಸ್ಸೆಷ್ಟು, ಚುಚ್ಚೋದು ಹೇಗೆ?

ಬಹಳ ಕಡೆ ಬಳಸುವ ಕ್ರಮ ಇದು. ಇಲಿಗೆ 4ರಿಂದ 8 ವಾರ. ಡಿಎ ವೈರಸ್ 2 ಲಕ್ಷ ಪಿಎಫ್‌ಯು (ಸೋಂಕು ತರಬಲ್ಲ ವೈರಸ್ ಎಣಿಸುವ ಘಟಕ), 10 ಮೈಕ್ರೋಲೀಟರಿನಲ್ಲಿ. ಹಾಗಾದರೆ ಚುಚ್ಚುವ ದ್ರವದ ಸಾಂದ್ರತೆ ಮಿಲಿಲೀಟರಿಗೆ 2 ಕೋಟಿ ಪಿಎಫ್‌ಯು ಇರಬೇಕು. ನಿಮ್ಮ ಸ್ಟಾಕ್ ಮಿಲಿಲೀಟರಿಗೆ 10 ಕೋಟಿ ಇದ್ದರೆ, ಒಂದು ಪಾಲಿಗೆ ನಾಲ್ಕು ಪಾಲು ಮಾಧ್ಯಮ ಬೆರೆಸಿ. ಸ್ಟಾಕನ್ನು ಬಿಎಚ್‌ಕೆ-21 ಕೋಶಗಳಲ್ಲಿ ಬೆಳೆಸಿ, ಚಿಕ್ಕ ಚಿಕ್ಕ ಪಾಲು ಮಾಡಿ −80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಐಸೋಫ್ಲುರೇನ್‌ನಲ್ಲಿ ಪ್ರಜ್ಞೆ ತಪ್ಪಿಸಿ, 27 ಗೇಜ್ ಸೂಜಿಯಿಂದ ಬಲ ಮಿದುಳಿಗೆ ಚುಚ್ಚುತ್ತಾರೆ. ತುದಿಯಲ್ಲಿ 2–3 ಮಿಲಿಮೀಟರ್ ಮಾತ್ರ ಹೊರಗಿರುವಂತೆ ಸೂಜಿಗೆ ಕಾಲರ್ ಹಾಕಿ. ಕೈ ಅಂದಾಜು ಸಾಲದು. ದ್ರವ ಬಿಟ್ಟ ಮೇಲೆ ಕೆಲವು ಸೆಕೆಂಡ್ ನಿಲ್ಲಿಸಿ ನಿಧಾನ ಹೊರತೆಗೆಯಿರಿ. ಅವಸರ ಮಾಡಿದರೆ ದ್ರವ ಸೂಜಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ವೈರಸ್ ಇಲ್ಲದ ಅದೇ ಮಾಧ್ಯಮ ಚುಚ್ಚಿದ ಇಲಿಗಳ ಗುಂಪು ಬೇಕೇಬೇಕು. ಕೆಲಸ ಮುಗಿದ ಮೇಲೆ ಸಿರಿಂಜಿನಲ್ಲಿ ಉಳಿದ ದ್ರವವನ್ನು ಅಂದೇ ಮತ್ತೆ ಟೈಟರ್ ಮಾಡಿ, ಅಂದರೆ ಅದರಲ್ಲಿ ಎಷ್ಟು ವೈರಸ್ ಇದೆ ಎಂದು ಅಳೆಯಿರಿ. ಇಲಿಗೆ ನಿಜವಾಗಿ ಎಷ್ಟು ಹೋಯಿತು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ನಮ್ಮ ಎಸ್‌ಜೆಎಲ್ ಇಲಿಗಳಿಗೆ ರೋಗವೇ ಬರಲಿಲ್ಲ. ಎಲ್ಲಿ ತಪ್ಪಿದ್ವಿ?

ಮೊದಲು ಸೀರಮ್ ನೋಡಿ. ಕಾಲೊನಿಯಲ್ಲಿ ಥೈಲರ್ ವೈರಸ್ ಸದ್ದಿಲ್ಲದೆ ಹರಡಿದ್ದರೆ ಇಲಿಗಳಿಗೆ ಮೊದಲೇ ಪ್ರತಿಕಾಯ ಇರುತ್ತದೆ, ನಿಮ್ಮ ಡೋಸ್ ಲಸಿಕೆ ಹಾಕಿದವರಿಗೆ ಸೋಂಕು ಕೊಟ್ಟಂತೆ ವ್ಯರ್ಥ. ಆರೋಗ್ಯ ತಪಾಸಣೆಯ ವರದಿಯಲ್ಲಿ ಇದು ಜಿಡಿ7 ಅಥವಾ ಟಿಎಂಇವಿ ಎಂಬ ಹೆಸರಿನಲ್ಲಿರುತ್ತದೆ. ಅದು ಸರಿಯಿದ್ದರೆ ವೈರಸ್ ಸ್ಟಾಕ್ ನೋಡಿ: ಕೋಶಗಳಲ್ಲಿ ಬಹಳ ಸಲ ಬೆಳೆಸಿದ್ದು ಬದಲಾಗಿರುತ್ತದೆ. ಆಮೇಲೆ ವಯಸ್ಸು. ದೊಡ್ಡ ಇಲಿಗಳಲ್ಲಿ ಫಲಿತಾಂಶ ಏರುಪೇರಾಗುತ್ತದೆ.

ಉಪತಳಿಯ ಹೆಸರನ್ನು ಪೂರ್ತಿ ಬರೆದಿದ್ದೀರಾ ಎಂದೂ ನೋಡಿ. ಬಾಲ್ಬ್/ಸಿ ಎಂದಷ್ಟೇ ಬರೆದರೆ ಅರ್ಥವಿಲ್ಲ. ಅದರ ಎಎನ್‌ಎನ್‌ಸಿಆರ್ ಉಪತಳಿ ರೋಗಕ್ಕೆ ಬೀಳುತ್ತದೆ, ಬಿವೈಜೆ ಉಪತಳಿ ತಡೆಯುತ್ತದೆ. ಎರಡರ ಎಚ್-2 ಕೂಡ ಡಿ ರೂಪವೇ (ಇದು ಬಿ, ಎಸ್, ಕ್ಯೂ ಥರದ ಇನ್ನೊಂದು ರೂಪದ ಹೆಸರು, ಎಚ್-2ಡಿ ಜೀನ್ ಅಲ್ಲ).

ರೋಗ ಬಂತು, ಆದರೆ ಅಳೆಯೋದು ಹೇಗೆ? ಇಲಿ ಕುಂಟೋದನ್ನು ನೋಡಿ ಅಂಕ ಹಾಕಿದ್ರೆ ಸಾಕಾ?

ಸಾಲದು. ನಡಿಗೆಗೆ ರೋಟರಾಡ್ (ತಿರುಗುವ ಕೋಲಿನ ಮೇಲೆ ಇಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪರೀಕ್ಷೆ) ಮಾಡಿ, ಸೋಂಕಿನ ಮೊದಲೇ ಮೂರು ದಿನವಾದರೂ ಅಭ್ಯಾಸ ಕೊಟ್ಟು ಪ್ರತಿ ಇಲಿಯ ಮೂಲ ಅಂಕ ಬರೆದಿಡಿ. ಬೆನ್ನುಹುರಿಯನ್ನು ಸುಮಾರು 1 ಮಿಲಿಮೀಟರ್ ತುಂಡುಗಳಾಗಿ ಮಾಡಿ, ಹತ್ತು ಮಟ್ಟಗಳಲ್ಲಿ ಮಯಲಿನ್ ಬಣ್ಣ ಹಾಕಿ. ಪ್ರತಿ ಮಟ್ಟವನ್ನು ನಾಲ್ಕು ಕಾಲುಭಾಗವಾಗಿ ನೋಡಿದರೆ ಒಂದು ಇಲಿಗೆ 40 ಕಾಲುಭಾಗ. ಅವುಗಳಲ್ಲಿ 14ರಲ್ಲಿ ಮಯಲಿನ್ ಕಳಚಿದ್ದರೆ 35%. ಎಣಿಸುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಬಾರದು. ಜೊತೆಗೆ ವೈರಸ್ ಆರ್‌ಎನ್‌ಎ ಅಳತೆ.

ಎಸ್‌ಜೆಎಲ್‌ನಲ್ಲಿ ಬಹಳ ಜನ ಜಾರುವ ಜಾಗ ಬೇರೆ. ಈ ತಳಿಗೆ ಡಿಸ್ಫರ್ಲಿನ್ ಜೀನಿನಲ್ಲೇ ದೋಷವಿದೆ, ವಯಸ್ಸಾದಂತೆ ಸ್ನಾಯು ತಾನಾಗಿ ಕ್ಷೀಣಿಸುತ್ತದೆ. ಆರು ತಿಂಗಳ ಇಲಿಯ ಹಿಂಗಾಲು ಸೋತರೆ ಅದು ನರದ್ದೋ ಸ್ನಾಯುವಿನದ್ದೋ ಎಂದು ಅದೇ ವಯಸ್ಸಿನ ಸೋಂಕಿಲ್ಲದ ಎಸ್‌ಜೆಎಲ್ ಇಲ್ಲದೆ ಹೇಳಲಾಗದು. ಎಸ್‌ಜೆಎಲ್ ಮತ್ತು ಎಫ್‌ವಿಬಿ ಎರಡಕ್ಕೂ ಅಕ್ಷಿಪಟಲ ಹಾಳುಮಾಡುವ ಆರ್‌ಡಿ1 ದೋಷ ಇರುವುದರಿಂದ ಎಳೆಯದರಲ್ಲೇ ಕುರುಡಾಗುತ್ತವೆ. ಇಲಿ ಕಣ್ಣಿಂದ ನೋಡಬೇಕಾಗುವ ಯಾವ ಪರೀಕ್ಷೆಯೂ ಬೇಡ. ಎಸ್‌ಜೆಎಲ್ ಗಂಡುಗಳು ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ, ಒಂದೇ ಪಂಜರದಲ್ಲಿ ಹೊಸದಾಗಿ ಕೂಡಿಸಬೇಡಿ.

ಬೆಂಗಳೂರಿನ ಸಂಸ್ಥೆಯಲ್ಲಿ ಇದನ್ನು ಮಾಡಬೇಕಾದ್ರೆ ಯಾರ ಅನುಮತಿ ಬೇಕು?

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿ ಬಂದ 1998ರ ನಿಯಮಗಳು ಇಡೀ ಭಾರತಕ್ಕೆ ಅನ್ವಯ. ನಿಮ್ಮ ಪ್ರಾಣಿಗೃಹ, ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿಯಾದ ಸಿಸಿಎಸ್‌ಇಎಯಲ್ಲಿ (ಹಿಂದಿನ ಹೆಸರು ಸಿಪಿಸಿಎಸ್‌ಇಎ) ನೋಂದಾಯಿತವಾಗಿರಬೇಕು, ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಸಿಗಬೇಕು. ಅರ್ಜಿಯಲ್ಲಿ ಸಮಿತಿ ಹುಡುಕುವುದು ಇಲಿಗಳ ಸಂಖ್ಯೆಗೆ ಲೆಕ್ಕ ಮತ್ತು ಪ್ರಯೋಗ ನಿಲ್ಲಿಸುವ ಹಂತ. ದೇಹದ ತೂಕ ಶೇಕಡಾ ಎಷ್ಟು ಇಳಿದರೆ, ನೀರಿನ ಬಾಟಲಿ ಮುಟ್ಟಲಾಗದಿದ್ದರೆ, ಮೂತ್ರ ಕಟ್ಟಿದರೆ ಏನು ಮಾಡುತ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ. ಕಾಲು ಸೋತ ಇಲಿಗೆ ಆಹಾರವನ್ನು ನೆನೆಸಿ ಪಂಜರದ ನೆಲದ ಮೇಲೆ ಇಡಬೇಕು. ಇದು ನೋವುಂಟುಮಾಡುವ ಪ್ರಯೋಗ, ಆ ಹೊಣೆ ಮಾಡುವವರದ್ದೇ.

## ಇನ್ನೂ ಆಳಕ್ಕೆ

ಬ್ಲ್ಯಾಕ್ 6 ‘ನಿರೋಧಕ’ ಅಂತಾರೆ. ನಮ್ಮಲ್ಲಿ ಐದನೇ ದಿನ ಸೆಳವು ಬಂತು. ತಳಿ ಕಲಬೆರಕೆ ಆಗಿದೆಯಾ?

ಇಲ್ಲ, ಇಲಿ ಸರಿಯಾಗಿಯೇ ಇದೆ. ಬ್ಲ್ಯಾಕ್ 6 ನಿರೋಧಕ ಎಂದರೆ ವೈರಸ್ ನೆಲೆಸುವುದಕ್ಕೆ ಮತ್ತು ಮಯಲಿನ್ ಕಳಚುವುದಕ್ಕೆ ನಿರೋಧಕ, ಅಷ್ಟೆ. ಸೋಂಕಿನ 3ರಿಂದ 10ನೇ ದಿನದ ನಡುವೆ ಈ ತಳಿಯ ಸುಮಾರು ಅರ್ಧದಷ್ಟು ಇಲಿಗಳಿಗೆ ಸೆಳವು ಬರುವುದನ್ನು ಯೂಟಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ವರದಿ ಮಾಡಿತು. ಎಸ್‌ಜೆಎಲ್‌ನಲ್ಲಿ ಹಾಗಾಗುವುದಿಲ್ಲ. ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ಸಿಎ1 ನರಕೋಶಗಳು ಸಾಯುತ್ತವೆ, ಅದರಲ್ಲಿ ವೈರಸ್‌ಗಿಂತ ಧಾವಿಸಿ ಬಂದ ಉರಿಯೂತದ ಮಾನೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಪಾಲು ದೊಡ್ಡದು. ಪಂಜರ ಅಲುಗಿಸಿದಾಗ, ಇಲಿಯನ್ನು ಎತ್ತಿದಾಗ ಸೆಳವು ಹೆಚ್ಚು ಕಾಣುತ್ತದೆ. ಹಾಗಾಗಿ ದಿನಾ ಅದೇ ಹೊತ್ತಿಗೆ ನೋಡಿ, ಅಂಕ ಬರೆಯಿರಿ.

ನಿಮ್ಮ ಪ್ರಯೋಗ ಬೆನ್ನುಹುರಿಯದ್ದಾದರೆ ಬ್ಲ್ಯಾಕ್ 6 ಒಳ್ಳೆಯ ಹೋಲಿಕೆ ಗುಂಪು. ನೆನಪಿನ ಪರೀಕ್ಷೆಯದ್ದಾದರೆ ಖಂಡಿತ ಅಲ್ಲ.

ಮಯಲಿನ್ ಹೋದರೂ ಇಲಿ ಚೆನ್ನಾಗಿ ಓಡಾಡುತ್ತೆ ಅಂತ ಓದಿದೆ. ಅದು ಹೇಗೆ?

ಹೊದಿಕೆ ಕಳಚುವುದು ಬೇರೆ, ತಂತಿಯೇ ತುಂಡಾಗುವುದು ಬೇರೆ. ಮೇಲೆ ಹೇಳಿದ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಇಲ್ಲದ ಇಲಿಗಳಲ್ಲಿ ಮಯಲಿನ್ ವ್ಯಾಪಕವಾಗಿ ಹೋದರೂ ನಡಿಗೆ ಹೆಚ್ಚು ಕೆಡಲಿಲ್ಲ ಎಂದು ರಾಡ್ರಿಗೆಜ್ ತಂಡ 1998ರಲ್ಲಿ ಪ್ರಕಟಿಸಿತು. ಅವುಗಳ ಆಕ್ಸಾನ್ (ಹೊದಿಕೆಯೊಳಗಿನ ನರತಂತು) ಉಳಿದಿತ್ತು, ಬರಿದಾದ ಆಕ್ಸಾನಿನ ಮೇಲೆ ಸೋಡಿಯಂ ಚಾನೆಲ್‌ಗಳು ಹೆಚ್ಚಿದ್ದವು. ಸಿಡಿ8 ಕೋಶಗಳ ಆಯುಧವಾದ ಪರ್ಫೊರಿನ್ ಇಲ್ಲದ ಇಲಿಗಳಲ್ಲೂ ನರದ ಕೆಲಸ ಹೀಗೆಯೇ ಉಳಿಯಿತು. ಅಂದರೆ ಮೊದಲ ವಾರ ವೈರಸ್ಸನ್ನು ಓಡಿಸಿ ಕಾಪಾಡುವ ಕೋಶಗಳೇ, ವೈರಸ್ ಹೋಗದೆ ಉಳಿದಾಗ ಆಕ್ಸಾನ್ ಕಡಿಯುತ್ತವೆ. ಸಿಡಿ8 ತಡೆಯುವ ಚಿಕಿತ್ಸೆ ಯಾವ ದಿನ ಕೊಟ್ಟಿದ್ದು ಎಂದು ನೋಡದೆ ಅದರ ಫಲಿತಾಂಶವನ್ನು ಓದಬೇಡಿ.

ಕೊನೆಗೆ ಹಾನಿ ಮಾಡೋದು ವೈರಸ್ಸಾ, ಇಲಿಯ ಸ್ವಂತ ಮಯಲಿನ್ ವಿರುದ್ಧದ ದಾಳಿಯಾ?

ಎಸ್‌ಜೆಎಲ್‌ನಲ್ಲಿ ಮೊದಲು ವೈರಸ್ ವಿರುದ್ಧದ ಪ್ರತಿಕ್ರಿಯೆ, ಆಮೇಲೆ ಎರಡೂ. ರೋಗ ಶುರುವಾಗಿ ವಾರಗಳು ಕಳೆದ ಮೇಲೆ ಪಿಎಲ್‌ಪಿ ಎಂಬ ಮಯಲಿನ್ ಪ್ರೋಟೀನಿನ 139–151 ತುಣುಕಿನ ವಿರುದ್ಧ ಟಿ ಕೋಶಗಳು ಕಾಣತೊಡಗುತ್ತವೆ ಎಂದು ಸ್ಟೀಫನ್ ಮಿಲ್ಲರ್ ತಂಡ 1997ರಲ್ಲಿ ತೋರಿಸಿತು. ಹಾಳಾದ ಹೊದಿಕೆಯ ಚೂರುಗಳೇ ಹೊಸ ಗುರಿಯಾಗುತ್ತವೆ.

ವೈರಸ್ ಸುಮ್ಮನೆ ಇರುತ್ತಾ? ಅದರ ಜೀನ್‌ಗಳ ಪಾತ್ರ ಏನು?

ಅದರ 76 ಅಮೈನೋ ಆಮ್ಲದ ಎಲ್ ಪ್ರೋಟೀನ್, ಸೋಂಕಿದ ಕೋಶ ಇಂಟರ್‌ಫೆರಾನ್ ಮಾಡದಂತೆ ತಡೆಯುತ್ತದೆ. ಅದೇ ಆರ್‌ಎನ್‌ಎಯನ್ನು 13 ಅಕ್ಷರ ಮುಂದಿನಿಂದ ಓದಿದರೆ ಎಲ್-ಸ್ಟಾರ್ ಎಂಬ 156 ಅಮೈನೋ ಆಮ್ಲದ ಇನ್ನೊಂದು ಪ್ರೋಟೀನ್ ಬರುತ್ತದೆ. ಅದು ವೈರಸ್ ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್-ಎಲ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಸೌಮ್ಯ ಬಗೆಗಳಲ್ಲಿ ಇದರ ಆರಂಭ ಸಂಕೇತ ಎಯುಜಿ, ಜಿಡಿ7ನಲ್ಲಿ ಎಸಿಜಿ. ನೆಲೆಸಿ ಕೂರುವ ಶಕ್ತಿಗೆ ಎಲ್-ಸ್ಟಾರ್ ಬೇಕು.

ಇನ್ನೊಂದು ಸಂಗತಿ ನಮಗೆ ಬಹಳ ಇಷ್ಟ: ಮಯಲಿನ್ ಸರಿಯಾಗಿ ಕಟ್ಟಲಾಗದ ಷಿವರರ್ ಎಂಬ ರೂಪಾಂತರಿ ಇಲಿಯಲ್ಲಿ ವೈರಸ್ ನೆಲೆಸುವುದೇ ಇಲ್ಲ. ವೈರಸ್ ಆಕ್ಸಾನಿನಿಂದ ಮಯಲಿನ್‌ಗೆ ದಾಟುತ್ತದೆ. ದಾಟಲು ಜಾಗವಿಲ್ಲದಿದ್ದರೆ ನೆಲೆಯೂ ಇಲ್ಲ. ಆದ್ದರಿಂದ ನಿರೋಧ ಕಂಡಾಗಲೆಲ್ಲ ರೋಗನಿರೋಧಕ ಜೀನನ್ನೇ ಹುಡುಕಬೇಕಿಲ್ಲ.

ಬ್ಲ್ಯಾಕ್ 6, ಎಸ್‌ಜೆಎಲ್ ಎರಡನ್ನೇ ಹೋಲಿಸ್ತಾ ಕೂತ್ರೆ ಸಾಕಾ? ಕೊಲಾಬರೇಟಿವ್ ಕ್ರಾಸ್ ಅಂದ್ರೇನು?

ಎರಡು ತಳಿಗಳ ನಡುವೆ ಲಕ್ಷಗಟ್ಟಲೆ ವ್ಯತ್ಯಾಸಗಳಿರುತ್ತವೆ, ಯಾವುದು ಕಾರಣ ಎಂದು ಬರಿಯ ಹೋಲಿಕೆಯಿಂದ ತಿಳಿಯದು. ಎಂಟು ಮೂಲ ತಳಿಗಳನ್ನು ಬೆರೆಸಿ, ನಂತರ ಒಳಸಂಬಂಧದಲ್ಲಿ ಬೆಳೆಸಿದ ಹತ್ತಾರು ತಳಿಗಳ ಸಂಗ್ರಹವೇ ಕೊಲಾಬರೇಟಿವ್ ಕ್ರಾಸ್. ಮೂಲದ ಎಂಟರಲ್ಲಿ ಮೂರು ಕಾಡು ಇಲಿಗಳಿಂದ ಬಂದವು, ಹಾಗಾಗಿ ವೈವಿಧ್ಯ ಹೆಚ್ಚು. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದವರು ಇವುಗಳಿಗೆ ಥೈಲರ್ ವೈರಸ್ ಕೊಟ್ಟಾಗ, ರೋಗ ‘ಇದೆ, ಇಲ್ಲ’ ಎಂಬ ಎರಡು ಗುಂಪಾಗದೆ ಬಗೆಬಗೆಯಾಗಿ ಹರಡಿಕೊಂಡಿತು. ಪ್ರಯೋಗ ಯೋಜಿಸುವಾಗ ಒಂದು ತಳಿಯಲ್ಲಿ ಇಲಿಗಳ ಸಂಖ್ಯೆ ಏರಿಸುವುದಕ್ಕಿಂತ ತಳಿಗಳ ಸಂಖ್ಯೆ ಏರಿಸಿದರೆ ಜೀನ್ ಹುಡುಕಲು ಹೆಚ್ಚು ಲಾಭ.

ನಮ್ಮ ಮನೆಯಲ್ಲಿ ಒಬ್ಬರಿಗೆ ಎಂಎಸ್ ಇದೆ. ಇದನ್ನೆಲ್ಲ ಓದಿ ಎಚ್‌ಎಲ್‌ಎ ಟೆಸ್ಟ್ ಮಾಡಿಸಬೇಕಾ?

ಬೇಡ. ಮನುಷ್ಯರಲ್ಲಿ ಎಚ್‌ಎಲ್‌ಎ-ಡಿಆರ್‌ಬಿ1*15:01 ಇದ್ದವರಿಗೆ ಎಂಎಸ್ ಅಪಾಯ ಹೆಚ್ಚು, ಎಚ್‌ಎಲ್‌ಎ-ಎ*02 ಇದ್ದವರಿಗೆ ಕಡಿಮೆ ಎಂಬುದು ನಿಜ. ಆದರೆ ಅಪಾಯದ ರೂಪ ಹೊತ್ತವರಲ್ಲಿ ಬಹುಪಾಲು ಜನರಿಗೆ ಎಂಎಸ್ ಬರುವುದೇ ಇಲ್ಲ, ಬಂದವರಲ್ಲಿ ಎಷ್ಟೋ ಜನರಿಗೆ ಆ ರೂಪ ಇರುವುದಿಲ್ಲ. ರೋಗ ಖಚಿತಪಡಿಸುವುದು ನರರೋಗ ತಜ್ಞರ ಪರೀಕ್ಷೆ, ಎಂಆರ್‌ಐ ಮತ್ತು ಬೇಕಾದಾಗ ಬೆನ್ನುಹುರಿ ದ್ರವದ ಪರೀಕ್ಷೆ. ಇಲಿಯ ವೈರಸ್ ಎಂಎಸ್ ತರುವುದಿಲ್ಲ. ಮನುಷ್ಯರಲ್ಲಿ ಸದ್ಯ ಬಲವಾದ ಪುರಾವೆ ಇರುವುದು ಎಪ್‌ಸ್ಟೈನ್-ಬಾರ್ ವೈರಸ್‌ಗೆ: ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಅದರ ಸೋಂಕಿನ ನಂತರ ಎಂಎಸ್ ಅಪಾಯ 32 ಪಟ್ಟು ಏರಿತ್ತು. ಆ ವೈರಸ್ ಬಹುತೇಕ ಎಲ್ಲ ವಯಸ್ಕರಲ್ಲೂ ಇರುವುದರಿಂದ, ಅದರ ಪರೀಕ್ಷೆ ಮಾಡಿಸಿಯೂ ಮನೆಯವರಿಗೆ ಪ್ರಯೋಜನವಿಲ್ಲ.